ಅಕ್ಕ ಕೊಟ್ಟ ಫ್ಲಾಸ್ಕು

ಸ್ಟೀಲಿನ ಫ್ಲಾಸ್ಕೊಂದು ಬೆಳಗಿನಿಂದ ನನ್ನ ಮೇಜಿನ ಮೇಲೆ ಕುಳಿತಿದೆ. ಟವೆಲ್ ಸುತ್ತಿ ತಿರುಗಿಸಿದೆ, ಮಂಡಿಗಳ ನಡುವೆ ಇಟ್ಟುಕೊಂಡು ತಿರುಗಿಸಿದೆ. ಮುಚ್ಚಳ ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ಒಳಗಿರುವುದು ನನ್ನ ನೆಗಡಿಗೆಂದು ಅಕ್ಕ ಕೊಟ್ಟ ಮೆಣಸಿನ ಸಾರು. ಅದು ತೆರೆಯುವುದರೊಳಗೆ ನಿಮಗೆ ಈ ಫ್ಲಾಸ್ಕಿನ ಕಥೆ ಹೇಳಿಬಿಡುತ್ತೇನೆ.

ಅಕ್ಕ ಅಗ್ರಹಾರದಲ್ಲಿ ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ಮದುವೆಯ ದಿನಗಳಲ್ಲಿ ಅವಳ ಮಂಚದ ಮೇಲೆ ನಮಗೆ ಕೂರಲು ಜಾಗವಿರುತ್ತಿರಲಿಲ್ಲ, ಬರೀ ರೇಷ್ಮೆ. ಕೆಲವು ವರ್ಷಗಳ ಹಿಂದೆ ಅವಳ ಬೆರಳ ಗೆಣ್ಣುಗಳು ಊದಿಕೊಂಡವು. ಬೆಳಗೆದ್ದರೆ ಮುಷ್ಟಿ ಮಡಿಸಲಾಗದು, ದಾರ ಹಿಡಿಯಲಾಗದು. ರುಮಟಾಯ್ಡ್ ಸಂಧಿವಾತ ಎಂದರು. ಮಾತ್ರೆಗಳ ಗುಣ ಅಷ್ಟಕ್ಕಷ್ಟೆ. ಕುಚ್ಚು ಕಟ್ಟದ ಸೀರೆಗಳು ಒಂದೊಂದಾಗಿ ವಾಪಸು ಹೋದವು.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಬಿಳಿ ರಕ್ತಕಣಗಳೆಂದರೆ ದೇಹದ ಸೈನಿಕರೆಂದು ಬೋರ್ಡಿನ ಮೇಲೆ ಕತ್ತಿ ಗುರಾಣಿ ಸಮೇತ ಬರೆದವನು. ಕಾಯಿಲೆ ಬಂತೆಂದರೆ ಸೈನ್ಯ ಸೊರಗಿದೆ ಎಂದೇ ನನ್ನ ಲೆಕ್ಕ. ದಿನಾ ಅಮೃತಬಳ್ಳಿಯ ಕಷಾಯ ಕಾಯಿಸಿ, ಇದೇ ಫ್ಲಾಸ್ಕಿಗೆ ಹಾಕಿ, ಬೋಗಾದಿಯ ನನ್ನ ಮನೆಯಿಂದ ಸ್ಕೂಟರಿನಲ್ಲಿ ಒಯ್ದು ಅವಳ ಮುಂದಿಟ್ಟು ಭಾಷಣ ಮಾಡಿ ಬರುತ್ತಿದ್ದೆ. ರಾತ್ರಿ ಹೋಗಿ ಖಾಲಿ ಫ್ಲಾಸ್ಕು ತರುತ್ತಿದ್ದೆ.

ಬೇರೆ ಔಷಧಿ ಏನಾದರೂ ತಗೊಳ್ತಾರಾ ಎಂದು ಕೀಲುರೋಗದ ಡಾಕ್ಟರಮ್ಮ ಕೇಳಿದಾಗ, ಸೈನಿಕರ ಪಾಠದ ಸಮೇತ ಕಷಾಯದ ವಿಷಯ ಹೇಳಿದೆ. ಅವರು ನಕ್ಕರು.

“ಶಕ್ತಿ ಕಮ್ಮಿಯಾಗಿ ಬಂದ ಕಾಯಿಲೆ ಅಲ್ಲ ಮೇಷ್ಟ್ರೇ. ನಿಮ್ಮ ಸೈನಿಕರೇ ದಾರಿ ತಪ್ಪಿ ಇವರ ಕೀಲಿನ ಮೇಲೆ ಬಿದ್ದಿದಾರೆ. ಒಬ್ಬ ಕೂಗಿ ಹತ್ತು ಜನರನ್ನ ಕರೀತಾನೆ. ಅವರಿಗೇ ಊಟ ಹಾಕ್ತೀರಾ?”

“ನಾನು ಒಂದಿನಾನೂ ಕುಡ್ದಿಲ್ಲ ಡಾಕ್ಟ್ರೇ,” ಅಕ್ಕ ತಲೆ ತಗ್ಗಿಸಿದಳು. “ಮುಚ್ಚಳ ತೆಗೆಯೋಕೇ ಆಗ್ತಿರ್ಲಿಲ್ಲ. ಸಂಜೆ ಪಾತ್ರೆ ತೊಳೆಯೋಳು ಬಂದು ಗಿಡಕ್ಕೆ ಸುರೀತಿದ್ಲು. ಹೇಳಿದ್ರೆ ಇವ್ನು ಬರೋದೇ ನಿಲ್ಲಿಸ್ಬುಡ್ತಾನೆ ಅಂತ ಸುಮ್ನಿದ್ದೆ.”

ನನಗೆ ನಾಚಿಕೆಯಾಯಿತು. ಅವಳ ಕಾಯಿಲೆಯ ಬಗ್ಗೆ ಅಷ್ಟು ಮಾತಾಡಿದವನು ಅವಳ ಕೈಯನ್ನು ನೋಡಿರಲಿಲ್ಲ.

ಒಳಗೆಲ್ಲೂ ಕ್ಷಯ ಅಡಗಿಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾದ ಮೇಲೆ ಇಂಜೆಕ್ಷನ್ ಶುರುವಾಯಿತು. ಬಯಾಲಜಿಕ್ ಎಂದು ಹೆಸರು. ಪ್ರಯೋಗಾಲಯದಲ್ಲಿ ಸಾಕಿದ ಜೀವಕೋಶಗಳಿಂದ ತಯಾರಿಸಿದ ಪ್ರೋಟೀನು. ಸೈನಿಕರು ಕೂಗುವ ಕೂಗನ್ನು ಅದು ನಡುದಾರಿಯಲ್ಲೇ ಹಿಡಿದುಕೊಳ್ಳುತ್ತದಂತೆ. ಕೂಗು ಮುಟ್ಟದಿದ್ದರೆ ಉಳಿದವರು ಸುಮ್ಮನಾಗುತ್ತಾರೆ. ಇಷ್ಟು ನಯವಾದ ಉಪಾಯ ಹೊಳೆದ ತಲೆಗಳಿಗೆ ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಎರಡು ವಾರಕ್ಕೊಮ್ಮೆ ಅಕ್ಕ ಅದನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕದಿಂದ ತೆಗೆದಿಟ್ಟು, ತಾನೇ ತೊಡೆಗೆ ಚುಚ್ಚಿಕೊಳ್ಳುತ್ತಾಳೆ. ಗೋಡೆಯ ಕಡೆ ತಿರುಗುವವನು ನಾನು. ಕೆಲವು ತಿಂಗಳಲ್ಲಿ ಊತ ಇಳಿಯಿತು. ಬಾಗಿದ ಒಂದು ಬೆರಳು ಹಾಗೇ ಇದೆ. ಕಾಯಿಲೆ ಹೋಗಿಲ್ಲ, ತೂಕಡಿಸುತ್ತಿದೆ.

ಸೈನಿಕರು ತಣ್ಣಗಾದ ಮೇಲೆ ಸೋಂಕಿನ ಭಯವುಂಟು. ಹಾಗಾಗಿ ಇವತ್ತು ಬೆಳಿಗ್ಗೆ ನೆಗಡಿ ಹಿಡಿದ ನಾನು ಅವಳ ಹೊಸ್ತಿಲು ದಾಟದೆ ಬೀದಿಯಲ್ಲೇ ನಿಂತೆ. ಅಕ್ಕ ಜಗಲಿಯ ಮೇಲೆ ಫ್ಲಾಸ್ಕಿಟ್ಟು ಒಳಗೆ ಸರಿದಳು. “ಚೆಲ್ಲದೇ ಇರ್ಲಿ ಅಂತ ಬಿಗಿಯಾಗಿ ಹಾಕಿದೀನಿ ಕಣೋ.”

“ಕೊಡಿ, ನಾನು ನೋಡ್ತೀನಿ,” ಎಂದು ಈಗ ಹೆಂಡತಿ ಕೈ ಚಾಚಿದ್ದಾಳೆ.

ಇರಲಿ ಬಿಡು ಎಂದೆ. ಮೂಗು ಕಟ್ಟಿದೆ, ಹೊಟ್ಟೆ ಹಸಿದಿದೆ, ಮುಚ್ಚಳ ಇನ್ನೂ ಬಂದಿಲ್ಲ. ನನಗೆ ತುಂಬ ಸಂತೋಷವಾಗಿದೆ.