ಪೋಲೆ ಪೋಲೆ ಪೋಲಿಯಾದದ್ದು

ನೈರೋಬಿಯ ಮಟಾಟು ವ್ಯಾನುಗಳ ಚಾಲಕರು ಇಬ್ಬರಿಗೆ ಹೆದರುತ್ತಿದ್ದರು: ಪೊಲೀಸರಿಗೆ ಮತ್ತು ನಮ್ಮ ಹೈರಿಡ್ಜ್ ಬಡಾವಣೆಯ ಅನಂತರಾಮಯ್ಯ ಮೇಷ್ಟ್ರಿಗೆ. ಮೇಷ್ಟ್ರ ಕಾರಿನ ಹಿಂದೆ ಸಿಕ್ಕಿಕೊಂಡರೆ ಆ ದಿನದ ದುಡಿಮೆ ಮುಗಿದ ಹಾಗೆ. ಹಾರ್ನ್ ಹೊಡೆದವರಿಗೆಲ್ಲ ಅವರು ಕಿಟಕಿಯಿಂದ ಕೈ ಚಾಚಿ, "ಪೋಲೆ ಪೋಲೆ" ಎಂದು ಆಶೀರ್ವದಿಸುತ್ತಿದ್ದರು. ಸ್ವಾಹಿಲಿಯಲ್ಲಿ ಹಾಗೆಂದರೆ ನಿಧಾನ, ನಿಧಾನ.

ಅದೇ ವೇಗದಲ್ಲಿ ಅವರು ಪ್ರೀತಿಸಿದರು. ಜೊತೆಯಲ್ಲಿ ಪಾಠ ಮಾಡುತ್ತಿದ್ದ ವಿಮಲಾ ಮೇಡಂ ಮೇಲೆ ಪದ್ಯ ಕಟ್ಟಿ, ತಿದ್ದಿ ತೀಡಿ, ಸ್ಟಾಫ್ ರೂಮಿನಲ್ಲಿ ಓದಿ ಹೇಳುವಷ್ಟರಲ್ಲಿ ಆಕೆಗೆ ಒಬ್ಬ ದಂತವೈದ್ಯರೊಡನೆ ನಿಶ್ಚಿತಾರ್ಥವಾಗಿತ್ತು.

"ಪೋಲೆ ಪೋಲೆ ಬಾರೆ ಹುಡುಗಿ, ಗುಡ್ಡ ಹತ್ತಿ ಬಾರೆ..."

ಆಕೆ ಪೂರ್ತಿ ಕೇಳಿ, "ಪೋಲೆ, ಸರ್" ಎಂದರಂತೆ.

"ನೋಡಯ್ಯಾ ಈ ಭಾಷೆಯ ದುಷ್ಟತನ," ಎಂದು ಮೇಷ್ಟ್ರು ನನಗೆ ವಿವರಿಸಿದ್ದರು. "ಎರಡು ಸಲ ಅಂದರೆ ನಿಧಾನ. ಒಂದೇ ಸಲ ಅಂದರೆ 'ಪಾಪ, ಹೀಗಾಗಬಾರದಿತ್ತು.' ನಾನು ಎರಡು ಸಲ ಅಂದೆ. ಅವರು ಒಂದೇ ಸಲ ಅಂದರು."

ಮದುವೆಯಾಗದೆ ಉಳಿದ ಮೇಷ್ಟ್ರು ಅಕ್ಕಪಕ್ಕದ ಮಕ್ಕಳನ್ನು ದೂರದ ಕರೆನ್ ಬಡಾವಣೆಯ ಶಾಲೆಗೆ ಕರೆದೊಯ್ಯುವಾಗ ಆ ಪದ್ಯವನ್ನೇ ಗುನುಗುತ್ತಿದ್ದರು. ಅವರ ವೇಗದಲ್ಲಿ ದಾರಿ ಮುಗಿಯುವುದರೊಳಗೆ ಯಾರಿಗಾದರೂ ಬಾಯಿಪಾಠವಾಗಲೇಬೇಕು. ಮಕ್ಕಳು ಮನೆಯಲ್ಲಿ ಹಾಡಿದರು. ಬೆಂಗಳೂರಿನಿಂದ ಆಗಷ್ಟೇ ಬಂದಿದ್ದ ತಾಯಂದಿರಿಗೆ ಸ್ವಾಹಿಲಿ ಎಲ್ಲಿ ಬರಬೇಕು? 'ಪೋಲೆ' 'ಪೋಲಿ'ಯಾಯಿತು, ಪೋಲಿ ಎಂದಮೇಲೆ ಗಂಡೇ ಇರಬೇಕೆಂದು ಹುಡುಗಿ ಹುಡುಗನಾದಳು. ಯುಗಾದಿಗೆ ಕನ್ನಡ ಕೂಟದ ಹೆಂಗಸರು ಕೋಲು ಹಿಡಿದು "ಪೋಲಿ ಪೋಲಿ ಬಾರೋ ಹುಡುಗ" ಎಂದು ಕುಣಿದರು. 'ಉತ್ತರ ಕರ್ನಾಟಕದ ಪ್ರಾಚೀನ ಜನಪದ ಗೀತೆ' ಎಂದು ಘೋಷಣೆಯೂ ಆಯಿತು. ಮೊದಲ ಸಾಲಿನಲ್ಲಿ ವಿಮಲಾ ಮೇಡಂ ಚಪ್ಪಾಳೆ ತಟ್ಟುತ್ತಿದ್ದರು.

ಮೇಷ್ಟ್ರು ವೇದಿಕೆಯ ಹಿಂದೆ ಹೋಗಿ ಕೂಟದ ಕಾರ್ಯದರ್ಶಿಯನ್ನು ಹಿಡಿದರು. "ರೀ, ಅದು ನನ್ನ ಪದ್ಯ."

"ಏನ್ ಸರ್ ತಮಾಷೆ! ಜನಪದಕ್ಕೆ ಕವಿ ಇರ್ತಾರಾ? ಅದೂ ಬದುಕಿರೋರು?"

ಮರಳುವಾಗ ಕಾರಿನಲ್ಲಿ ಮೇಷ್ಟ್ರು ನನಗೆ ಹೇಳಿದರು: "ಹೆಸರು ಹಾಳಾಗಿ ಹೋಗಲಯ್ಯಾ. ಅದು ತಮ್ಮ ಮೇಲಿನ ಹಾಡು ಅಂತ ವಿಮಲಾ ಅವರಿಗೆ ಗೊತ್ತಾಯಿತೋ ಇಲ್ಲವೋ, ಅಷ್ಟು ತಿಳಿದರೆ ಸಾಕು."

"ಕೇಳಿಬಿಡಿ ಸಾರ್," ಎಂದೆ.

"ಪೋಲೆ ಪೋಲೆ," ಎಂದರು.

ಕೇಳಲೇ ಇಲ್ಲ. ಹೋದ ವರ್ಷ ತೀರಿಕೊಂಡರು. ಜನಪದ ಕವಿಯಾಗಲು ಇದ್ದ ಒಂದು ಅಡ್ಡಿಯೂ ಹಾಗೆ ನಿವಾರಣೆಯಾಯಿತು. ಶ್ರದ್ಧಾಂಜಲಿ ಸಭೆಯಲ್ಲಿ ಕಾರ್ಯದರ್ಶಿ, "ಸರ್‌ಗೆ ಜನಪದ ಅಂದ್ರೆ ಪ್ರಾಣ" ಎಂದು ಅದೇ ಹಾಡು ಹಾಡಿಸಿದರು. ಸಭೆಯೆಲ್ಲ ಒಕ್ಕೊರಲಿನಿಂದ ಪೋಲಿಯನ್ನು ಕರೆಯುತ್ತಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ವಿಮಲಾ ಮೇಡಂ ಕಣ್ಣು ಮುಚ್ಚಿ, ಎಲ್ಲರಿಗಿಂತ ತುಸು ಹಿಂದೆ ಬಿದ್ದು, ತಮ್ಮಷ್ಟಕ್ಕೆ ಹಾಡುತ್ತಿದ್ದರು: "ಪೋಲೆ ಪೋಲೆ ಬಾರೆ ಹುಡುಗಿ..."

ಸರಿಯಾಗಿಯೇ ಕೇಳಿಸಿಕೊಂಡೆ. ಎರಡು ಸಲ ಅಂದರು.