ಅಕ್ಕಿ ಡಬ್ಬದೊಳಗಿನ ಕೊನೆ

ಆ ಬೆಳಿಗ್ಗೆ ನಾನು ವರ್ಷದ ಅಕ್ಕಿಗೆ ಹರಳೆಣ್ಣೆ ಸವರುತ್ತಾ ಕೂತಿದ್ದೆ. ಗುಜರಾತಿಗೆ ಬಂದ ಮೇಲೆ ಕಲಿತ ಕೆಲಸ. ನಮ್ಮ ಮೈಸೂರು ಕಡೆ ಡಬ್ಬಕ್ಕೆ ನಾಲ್ಕು ಬೇವಿನೆಲೆ ಹಾಕಿ ಸುಮ್ಮನಾಗುತ್ತಿದ್ದೆವು. ಇಲ್ಲಿಯವರು ಬೇಸಿಗೆ ಹಿಡಿಯುವ ಹೊತ್ತಿಗೆ ವರ್ಷಕ್ಕಾಗುವಷ್ಟು ಕಾಳು ತಂದು, ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು, ಹಿಡಿಹಿಡಿಯಾಗಿ ಉಜ್ಜಿ ತುಂಬಿಡುತ್ತಾರೆ. ಹುಳು ಹತ್ತಿರ ಸುಳಿಯುವುದಿಲ್ಲ. ಬೋಡಕ್‌ದೇವ್ ಬಡಾವಣೆಯ ನಮ್ಮ ಫ್ಲಾಟಿನ ನಡುಮನೆಯಲ್ಲಿ ಹಳೆಯ ಹೊದಿಕೆ ಹಾಸಿ ಅಕ್ಕಿ ಸುರಿದಿದ್ದೆ. ಮೇಲಿನ ಮನೆಯ ಬೆನ್ ಸಹಾಯಕ್ಕೆ ಬಂದಿದ್ದರು. ಇಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಬೆನ್, ಅಂದರೆ ಅಕ್ಕ, ಎಂದೇ ಕರೆಯುವುದು. ಅವರ ಗೋಧಿಗೆ ನಾನು ಹೋಗುವುದು, ನನ್ನ ಅಕ್ಕಿಗೆ ಅವರು ಬರುವುದು.

ಅರ್ಧ ಅಕ್ಕಿ ಆಗಿತ್ತು. ಬೆನ್ ತಲೆಯೆತ್ತದೆ, ಹಿಂದಿ ಗುಜರಾತಿ ಬೆರೆಸಿದ ನಮ್ಮಿಬ್ಬರ ಭಾಷೆಯಲ್ಲಿ ಹೇಳಿದರು, "ನಿಮ್ಮ ರಸೋಡು ಕಂಪ್ಯೂಟರಿನಲ್ಲಿ ಬಂದಿದೆಯಂತಲ್ಲ ಬೆನ್!"

ರಸೋಡು ಎಂದರೆ ಅಡುಗೆಮನೆ. ನನಗೆ ಅರ್ಥವಾಗಲಿಲ್ಲ.

"ನಿಮ್ಮ ಹುಡುಗಿ ಮಾಡಿರುವ ಆಟ. ನನ್ನ ಮಗಳು ಕಾಲೇಜಿನಲ್ಲಿ ನೋಡಿದಳು. ಭೂಕಂಪದಲ್ಲಿ ಗೋಡೆ ಬಿರಿದಿದೆಯಲ್ಲ, ಆ ಬಿರುಕೂ ಇದೆಯಂತೆ. ನಿಮ್ಮ ದನಿಯೂ ಇದೆಯಂತೆ. ಎರಡು ದಿನದಿಂದ ಅವಳಿಗೆ ಒಬ್ಬಳೇ ಮಲಗಲು ಭಯ."

"ನನ್ನ ದನಿಗೆ ಯಾಕೆ ಭಯ?" ಎಂದು ನಕ್ಕೆ. ಬೆನ್ ನಗಲಿಲ್ಲ.

'ನಿಮ್ಮ ಹುಡುಗಿ' ಎಂದರೆ ಎದುರು ಫ್ಲಾಟಿನಲ್ಲಿ ಇನ್ನಿಬ್ಬರೊಂದಿಗೆ ಬಾಡಿಗೆಗಿದ್ದ ಧಾರವಾಡದ ಕಡೆಯವಳು. ಚಿತ್ರಕಲೆ ಓದುತ್ತಿದ್ದಳು. ನನ್ನ ಮಗಳು ವಡೋದರಾದಲ್ಲಿ ಹಾಸ್ಟೆಲಿಗೆ ಸೇರಿದ ವರ್ಷವೇ ಇವಳು ಬಂದಳು. ಖಾಲಿ ತಟ್ಟೆಯ ಜಾಗಕ್ಕೆ ದೇವರೇ ಕಳಿಸಿದ ಎಂದುಕೊಂಡು ಎರಡು ಹೊತ್ತು ಊಟ ಹಾಕಿದೆ. ನನ್ನನ್ನು ಮಾವಶಿ ಎನ್ನುತ್ತಿದ್ದಳು, ಅವರ ಕಡೆ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ಅಡುಗೆಮನೆಯ ಫೋಟೋ ತೆಗೆದಳು, ಚಿಕ್ಕ ಟೇಪ್ ರೆಕಾರ್ಡರಿನಲ್ಲಿ ಒಗ್ಗರಣೆಯ ಚಟಪಟ, ಕುಕ್ಕರಿನ ಸೀಟಿ, ನಾನು "ಊಟಕ್ಕೆ ಬಾಮ್ಮಾ" ಎಂದು ಕರೆಯುವುದನ್ನೆಲ್ಲ ಹಿಡಿದಳು. ಪ್ರಾಜೆಕ್ಟಿಗೆ ಎಂದಳು. ಬರುವ ಶನಿವಾರ ಕಾಲೇಜಿನಲ್ಲಿ ಅದರ ಪ್ರದರ್ಶನವಿತ್ತು. ನಮ್ಮ ಯಜಮಾನರಂತೂ ತಮ್ಮ ಬ್ಯಾಂಕಿನ ಇಬ್ಬರನ್ನು ಜೊತೆಗೆ ಬರಲು ಒಪ್ಪಿಸಿಟ್ಟಿದ್ದರು.

ಮಧ್ಯಾಹ್ನ ಹುಡುಗಿ ಊಟಕ್ಕೆ ಬಂದಾಗ ಕೇಳಿದೆ. ಅವಳ ಮುಖ ಇಳಿಯಿತು.

"ಅದಿನ್ನಾ ಪೂರಾ ಆಗಿಲ್ರಿ ಮಾವಶಿ."

"ಪೂರಾ ಆಗದೇ ಇರೋದನ್ನ ಮೇಲಿನ ಮನೆಯವಳು ನೋಡಬಹುದು, ನಾನು ನೋಡಬಾರದಾ? ತೊಗೊಂಡು ಬಾ."

ಸಿಡಿ ತಂದು ನಮ್ಮ ಕಂಪ್ಯೂಟರಿಗೆ ಹಾಕಿದಳು. ಚಿತ್ರ ಬರುತ್ತದೆ, ಕೆಳಗೆ ಇಂಗ್ಲಿಷಿನಲ್ಲಿ ಮಾತು ಬರುತ್ತದೆ, ಮೌಸ್ ಒತ್ತಿದರೆ ಮುಂದಿನ ಮಾತು. ನಡುನಡುವೆ ಏನು ಮಾಡುತ್ತೀ ಎಂದು ಕೇಳುತ್ತದೆ. ನಾವು ಆರಿಸಿದ್ದಕ್ಕೆ ತಕ್ಕಂತೆ ಕಥೆಗೆ ಬೇರೆ ಬೇರೆ ಕೊನೆ. "ನಾಕು ಕೊನಿ ಅದಾವ್ರಿ," ಎಂದಳು. "ಮನಸ್ಸಿಗೆ ಹಚ್ಕೋಬ್ಯಾಡ್ರಿ, ಆಟ ಅಷ್ಟ." ಊಟವನ್ನೂ ಪೂರ್ತಿ ಮಾಡದೆ ಕಾಲೇಜಿಗೆ ಓಡಿದಳು.

ಪಿಯುಸಿಯ ಇಂಗ್ಲಿಷು ನನಗೆ ಸಾಕಾಯಿತು. ಊರು ಬಿಟ್ಟು ಬಂದ ಒಬ್ಬ ಹುಡುಗಿ. ಎದುರು ಮನೆಯಲ್ಲಿ ಮುಖವಿಲ್ಲದ ಒಬ್ಬ ಅಮ್ಮ, ದಿನಾ ಊಟಕ್ಕೆ ಕರೆಯುತ್ತಾಳೆ. ಕರೆಯುವ ದನಿ ನನ್ನದು. ನನ್ನ "ಊಟಕ್ಕೆ ಬಾಮ್ಮಾ"ವನ್ನು ಎಳೆದು, ನಿಧಾನ ಮಾಡಿ, ಗಂಟಲಲ್ಲಿ ನೀರು ತುಂಬಿದವರು ಕೂಗಿದ ಹಾಗೆ ಮಾಡಿದ್ದಳು.

ಊಟ ಮಾಡು ಎಂದು ಒತ್ತಿದೆ. ಬಡಿಸಿದ್ದು ನಾನು ಮಾಡುವ ನುಗ್ಗೇಕಾಯಿ ಹುಳಿ, ನನ್ನದೇ ಹಿತ್ತಾಳೆ ಸೌಟು. ಹುಳಿಯೊಳಗೆ ಬಿಳಿಯ ಹುಳುಗಳು ಹೊರಳುತ್ತಿದ್ದವು. ಹುಡುಗಿ ತಿನ್ನುತ್ತಲೇ ಹೋದಳು, ಕೊನೆಗೆ ಅವಳ ಬಾಯಿಂದಲೂ ಅವೇ ಬಂದವು. ಅದೊಂದು ಕೊನೆ. ಊಟ ಬೇಡ ಎಂದು ಒತ್ತಿದೆ. ಅಮ್ಮ ಅವಳನ್ನು ದೇವರ ಕೋಣೆಯಲ್ಲಿ ಕೂಡಿಹಾಕಿ ಬಾಗಿಲಿಗೆ ಅರಿಸಿನ ಕುಂಕುಮ ಇಟ್ಟಳು. ಅದು ಎರಡನೆಯದು. ಇನ್ನೊಂದರಲ್ಲಿ ಗೋಡೆಯ ಬಿರುಕು ಬಾಯಿ ತೆರೆಯಿತು. ಮತ್ತೊಂದನ್ನು ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಭಯವೇನೂ ಆಗಲಿಲ್ಲ ನನಗೆ. ಮಡಿಯಲ್ಲಿ ಒರೆಸಿಟ್ಟ ಜಾಗದಲ್ಲಿ ಯಾರೋ ಕಫ ಉಗುಳಿ ಹೋದಂತಾಯಿತು.

ನಮ್ಮ ವ್ರತದ ಕಥೆಗಳಿಗೆ ಒಂದೇ ಕೊನೆ. ಕೈಯಲ್ಲಿ ಅಕ್ಷತೆ ಹಿಡಿದು ಕೂತವರಿಗೆ ಅದು ಮೊದಲೇ ಗೊತ್ತಿರುತ್ತದೆ, ಆದರೂ ಮುಗಿಯುವ ತನಕ ಏಳುವಂತಿಲ್ಲ. ಆ ಅಭ್ಯಾಸವೇ ಇರಬೇಕು, ಇದರಲ್ಲೂ ಎಲ್ಲೋ ಒಂದು ಒಳ್ಳೆಯ ಕೊನೆ ಇದ್ದೀತು ಎಂದು ಐದನೆಯ ಸಲ ಕೂತೆ.

ಆಟ ಶುರುವಾಗುವುದೇ ಬೆಳಗಿನ ಅಡುಗೆಮನೆಯ ಚಿತ್ರದಿಂದ. ಪೊರಕೆ, ರಂಗೋಲಿ ಡಬ್ಬಿ, ತುಳಸಿಯ ಚೊಂಬು, ದೀಪ, ಹಾಲಿನ ಪಾತ್ರೆ, ಕಾಫಿ ಫಿಲ್ಟರು, ಪಾತ್ರೆಯ ಸಿಂಕು, ಅಕ್ಕಿ ಡಬ್ಬ. ಯಾವುದನ್ನು ಒತ್ತಿದರೂ ಕಥೆ ಮುಂದೆ ಹೋಗುತ್ತದೆ. ಈ ಸಲ ಬೇಸತ್ತು, ಯೋಚಿಸದೆ, ಕೈ ತನ್ನ ಪಾಡಿಗೆ ತಾನು ಹೋಗುವ ಹಾಗೆ ಬಿಟ್ಟೆ. ಹೊಸ್ತಿಲು ಗುಡಿಸಿದೆ. ರಂಗೋಲಿ ಹಾಕಿದೆ. ತುಳಸಿಗೆ ನೀರು. ದೀಪ. ಹಾಲು ಒಲೆಗೆ. ಆಮೇಲೆ ನೈವೇದ್ಯಕ್ಕೆ ಅಕ್ಕಿ. ಅದು ತೊಳೆದಿಟ್ಟ ಮೇಲಷ್ಟೇ ನಾನು ಕಾಫಿ ಮುಟ್ಟುವುದು.

ಅಕ್ಕಿ ಡಬ್ಬ ಒತ್ತಿದೊಡನೆ ಪರದೆ ಕಪ್ಪಾಯಿತು. ಒಂದು ಕೈ ಅಕ್ಕಿಯೊಳಗೆ ಇಳಿಯಿತು, ಮೊಣಕೈಯವರೆಗೆ. ಒಳಗಿನಿಂದ ಇನ್ನೊಂದು ಪುಟ್ಟ ಕೈ ಅದರ ಬೆರಳು ಹಿಡಿಯಿತು. ಎಳೆದಾಗ ಮೇಲೆ ಬಂದದ್ದು ಕೂಸಿನ ತೋಳು, ಕಪ್ಪಿಟ್ಟದ್ದು, ಅಕ್ಕಿಹುಳು ಮುತ್ತಿದ್ದು. ಅದರ ಹಿಂದೆಯೇ ನನ್ನ ದನಿ, ಈ ಸಲ ಎಳೆಯದೆ, ಕೆಡಿಸದೆ, ನಾನು ಮಾತಾಡುವ ಹಾಗೆಯೇ: "ಮೂರು ತಿಂಗಳು ಅಕ್ಕಿಯೊಳಗೇ ಇದ್ದ ಕಣೇ. ಯಾರಿಗೂ ಹೇಳಿಲ್ಲ, ಇವರಿಗೂ."

ಬಾಯಿಗೆ ಸೆರಗು ಒತ್ತಿಕೊಂಡು ಸಿಂಕಿಗೆ ಓಡಿದೆ.

ಇನ್ನು ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ನಾವು ಸೂರತ್ತಿನ ಉಧ್ನಾದಲ್ಲಿದ್ದೆವು. ಸುತ್ತ ಮಗ್ಗದ ಸದ್ದು, ಮಧ್ಯೆ ಒಂದು ಕೋಣೆಯ ಮನೆ. ಅಲ್ಲಿ ನನ್ನ ಚೊಚ್ಚಲ ಕೂಸು ತೊಟ್ಟಿಲಿಗೆ ಹಾಕುವ ಮುಂಚೆಯೇ ಹೋಯಿತು. ಹೆಸರೂ ಇಟ್ಟಿರಲಿಲ್ಲ. ನಮ್ಮಮ್ಮ ಮದುವೆಯಲ್ಲಿ ಕೊಟ್ಟ ಬೆಳ್ಳಿಯ ಕೃಷ್ಣ ನನ್ನ ದೇವರ ಗೂಡಿನಲ್ಲಿದ್ದ, ಅಂಬೆಗಾಲಿಟ್ಟವನು, ಒಂದು ಕೈಯಲ್ಲಿ ಬೆಣ್ಣೆ. ಅವನನ್ನು ನೋಡಲಾಗಲಿಲ್ಲ. ಒಂದು ದಿನ ತೆಗೆದು ಅಕ್ಕಿ ಡಬ್ಬದ ತಳಕ್ಕೆ ತುರುಕಿದೆ. ಯಜಮಾನರು ಕೇಳಿದಾಗ ಕಾಲು ಸಡಿಲವಾಗಿತ್ತು, ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಅವರೂ ಕೂಸಿನ ದುಃಖದಲ್ಲಿದ್ದರು, ದಿನಾ ಆ ಗೂಡಿಗೇ ಕೈ ಮುಗಿದು ಕೆಲಸಕ್ಕೆ ಹೋಗುತ್ತಿದ್ದರು. ಮೂರು ತಿಂಗಳಾದ ಮೇಲೆ ಪಾವಿನಲ್ಲಿ ಅಕ್ಕಿ ತೆಗೆಯುವಾಗ ಅವನು ತಾನೇ ಬಂದ. ಬೆಣ್ಣೆಯ ಕೈಯಲ್ಲಿ ಒಂದು ಅಕ್ಕಿಕಾಳು. ತೊಳೆದು ಗೂಡಿಗಿಟ್ಟೆ. ಅಷ್ಟೂ ದಿನ ಮನೆಯಲ್ಲಿ ಅಕ್ಕಿ ಮುಗಿಯಲಿಲ್ಲ, ಒಂದು ಹುಳ ಬೀಳಲಿಲ್ಲ. ಅವನು ಸಿಟ್ಟಾಗಲಿಲ್ಲ ಎಂಬುದಕ್ಕೆ ಅದೇ ಗುರುತು ಎಂದು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಇವರಿಗೆ ಹೇಳುವ ಧೈರ್ಯ ಬರಲಿಲ್ಲ. ಇವರು ಮೂರು ತಿಂಗಳು ಕೈ ಮುಗಿದ ಗೂಡಿನ ದೇವರನ್ನು ನಾನೇ ಅಕ್ಕಿಗೆ ತುರುಕಿದ್ದೆ ಎಂದು ಹೇಗೆ ಹೇಳುವುದು?

ಹುಡುಗಿಗೆ ಹೇಳಿದ್ದು ನನ್ನ ತಪ್ಪು. ದೇವರ ಸಾಮಾನು ತೊಳೆಯುವಾಗ ಅವಳು ಪಕ್ಕದಲ್ಲಿ ಕೂತು, "ಎಲ್ಲಾ ದೇವರನ್ನ ನೋಡ್ಕೋತ ಒರಸ್ತೀರಿ, ಇದೊಂದನ್ನ ಯಾಕ್ ಕಣ್ ಮುಚ್ಚಿ ಒರಸ್ತೀರಿ ಮಾವಶಿ?" ಎಂದಿದ್ದಳು. ಯಾರೂ ಗಮನಿಸದ್ದನ್ನು ಗಮನಿಸಿದಳಲ್ಲ ಎಂದು ಕರಗಿಹೋದೆ. ಟೇಪು ಓಡುತ್ತಿತ್ತೆಂದು ನನಗೇನು ಗೊತ್ತು.

ಐದು ಗಂಟೆಗೆ ಬಂದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ಸಿಕ್ತೇನ್ರಿ?"

"ಸಿಕ್ಕಿತು. ನಾಲ್ಕೇ ಕೊನೆ ಅಂದಿದ್ದೆಯಲ್ಲ."

"ಅದು ಯಾರಿಗೂ ಸಿಗಂಗಿಲ್ರಿ ಮಾವಶಿ. ನಮ್ಮ ಸರ್‌ಗೂ ಸಿಕ್ಕಿಲ್ಲ. ಬೆಳಗಿನ ಕೆಲಸ ಅದ ಸಾಲಿನಾಗ ಮಾಡಿದ್ರ ಅಷ್ಟ ತೆರೀತದ. ನಿಮ್ಮ ಸಲುವಾಗಿನ ಇಟ್ಟಿದ್ದೆ. ಉಳಿದದ್ದರೊಳಗೆಲ್ಲಾ ಅಮ್ಮ ಕೆಟ್ಟಾಕಿ. ಯಾಕ್ ಹಂಗಾದ್ಲು ಅನ್ನೋದು ಅದರಾಗ ಅದ."

"ನಾನು ಕೆಟ್ಟವಳು ಅಂತ ನಿನಗೆ ಯಾರು ಹೇಳಿದ್ದು? ಎರಡು ವರ್ಷ ತಿಂದ ಹುಳಿಯಲ್ಲಿ ಹುಳ ಕಂಡಿದ್ಯಾ ನೀನು?"

"ಅದು ನೀವಲ್ರಿ, ಪಾತ್ರ."

"ದನಿ ನನ್ನದು, ಸೌಟು ನನ್ನದು, ಸತ್ತ ಕೂಸು ನನ್ನದು. ಪಾತ್ರ ಮಾತ್ರ ಬೇರೆಯವರದ್ದಾ? ಅದಿರಲಿ. ಆ ಸಾಲು ಯಾರಿಗೂ ಗೊತ್ತಿಲ್ಲ ಅಂದ್ಯಲ್ಲ, ನನ್ನ ಜೊತೆ ಇಪ್ಪತ್ತಮೂರು ವರ್ಷ ಬದುಕಿದವರು ಈ ಮನೆಯಲ್ಲಿ ಒಬ್ಬರಿದ್ದಾರೆ. ಶನಿವಾರ ಅವರು ಬಂದು ಮೌಸ್ ಹಿಡಿದರೆ?"

ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಆಗಲೇ ಕೆಳಗೆ ಸ್ಕೂಟರ್ ನಿಂತ ಸದ್ದು.

ಯಜಮಾನರು ಒಳಗೆ ಬಂದವರೇ ಕಂಪ್ಯೂಟರಿನಲ್ಲಿ ನಮ್ಮ ಅಡುಗೆಮನೆ ಕಂಡು ಅರಳಿದರು. "ಓಹೋ, ಬಂದೇಬಿಡ್ತಾ! ನೋಡೇ, ನಿನ್ನ ಫಿಲ್ಟರು!"

"ಶನಿವಾರ ನೋಡ್ರಿ ಕಾಕಾ," ಎಂದಳು ಹುಡುಗಿ.

"ಶನಿವಾರ ನಾಲ್ಕು ಜನದ ಮುಂದೆ ಮೌಸ್ ಹಿಡಿಯಕ್ಕೆ ಬರದೆ ಒದ್ದಾಡಲಾ? ಇವತ್ತು ಪ್ರಾಕ್ಟೀಸು." ಅಕ್ಕಿಯ ರಾಶಿ ದಾಟಿ, ಬ್ಯಾಂಕಿನ ಪ್ಯಾಂಟಿನಲ್ಲೇ ಕೂತುಬಿಟ್ಟರು.

ಸ್ವಿಚ್ ಆರಿಸಬಹುದಿತ್ತು. ಆರಿಸಿದರೆ ಯಾಕೆ ಎಂದು ಹೇಳಬೇಕಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಒಳಗಿನ ಗೂಡಿನಲ್ಲಿದ್ದವನಿಗೆ, ಒಂದು ಸಲ ನನ್ನ ಮರ್ಯಾದೆ ಉಳಿಸಪ್ಪಾ ಎಂದೆ.

ಅವರು ಚಿತ್ರದ ಮೇಲೆ ಬಾಣ ಓಡಿಸಿದರು. ಪೊರಕೆಯ ಮೇಲೆ ಬಂತು. ಬಾಣ ಅದನ್ನು ದಾಟಿ ನೇರ ಹೋಗಿ ಕಾಫಿ ಫಿಲ್ಟರಿನ ಮೇಲೆ ಕೂತಿತು.

"ಮೊದಲು ಕಾಫಿ! ಇಷ್ಟು ಗೊತ್ತಿಲ್ವಾ ನನಗೆ?" ಎಂದು ಹೆಮ್ಮೆಯಿಂದ ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿ, "ಏನೇ, ಕಾಫಿ ಆದಮೇಲೆ ನೀನು ಮಾಡೋ ಮೊದಲ ಕೆಲಸ ಯಾವುದು?"

"ಪಾತ್ರೆ ತೊಳೀತೀನಿ," ಎಂದೆ.

ಸಿಂಕು ಒತ್ತಿದರು. ಊಟ ಬಂತು, ಹುಳು ಬಂತು. "ಥೂ ಥೂ! ಏನಮ್ಮಾ ಇದು, ತಿಂಡಿ ಹೊತ್ತಲ್ಲಿ!" ಎಂದು ಕುರ್ಚಿ ಹಿಂದೆ ತಳ್ಳಿ, ನಗುತ್ತಾ ಬಟ್ಟೆ ಬದಲಿಸಲು ಹೋದರು.

ಅವರು ಏಳುವ ಹೊತ್ತಿಗೆ ನನ್ನ ಆರು ಕೆಲಸ ಆಗಿರುತ್ತವೆ. ಅವರ ಬೆಳಗು ಶುರುವಾಗುವುದೇ ಕಾಫಿ ಲೋಟದಿಂದ. ದೇವರು ಕಾಪಾಡಿದ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಾಪಾಡಿದ ರೀತಿಯೂ ಗಂಟಲಲ್ಲಿ ಇಳಿಯಲಿಲ್ಲ. ಮದುವೆಯಾದಾಗಿನಿಂದ ಹೊಸ್ತಿಲ ಮೇಲೆ ದಿನಾ ರಂಗೋಲಿ ತುಳಿಯದೆ ದಾಟಿ ಹೋಗಿದ್ದಾರೆ. ಅದು ಯಾವಾಗ ಬಂತು ಎಂದು ಕೇಳಿಕೊಂಡಿಲ್ಲ.

ಹುಡುಗಿ ಚೀಲದಿಂದ ನನ್ನ ದನಿ ಹಿಡಿದ ಕ್ಯಾಸೆಟ್ ತೆಗೆದು ಕೊಟ್ಟಳು. ಅಳುತ್ತಿದ್ದಳು. "ಇವತ್ತ ತಗದು ಬಿಡ್ತೀನ್ರಿ ಅದನ್ನ. ಉಳಿದ ನಾಕು ಇರ್ಲೇನ್ರಿ? ಇಲ್ಲಂದ್ರ ನಾ ಫೇಲ್ ಆಗ್ತೀನಿ."

ಕ್ಯಾಸೆಟ್ಟನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ. "ನನ್ನ ದನಿ ತೆಗಿ. ಕೃಷ್ಣನನ್ನ ತೆಗಿ. ಹುಳ ಬೇಕಾದರೆ ಇಟ್ಟುಕೋ, ನಿನ್ನ ಹುಳ ಅವು. ಇವತ್ತು ಬಡಿಸ್ತೀನಿ, ನಾಳೆಯಿಂದ ನಿನ್ನ ಊಟ ನೀನು ನೋಡ್ಕೋ."

"ಮಾವಶಿ..."

"ಹೋಗಿ ಕೈ ತೊಳಿ."

ಶನಿವಾರ ನಾನು ಹೋಗಲಿಲ್ಲ. ಯಜಮಾನರು ಹೋಗಿ ಬಂದು, "ಅದೇ ಹುಳ. ದನಿ ಮಾತ್ರ ಯಾರೋ ಬೇರೆ ಹೆಂಗಸಿಂದು," ಎಂದರು. ಐದನೆಯದನ್ನು ಅವಳು ನಿಜವಾಗಿ ತೆಗೆದಳೋ, ಬೇರೆ ಯಾವುದೋ ಸಾಲಿನ ಹಿಂದೆ ಬಚ್ಚಿಟ್ಟಳೋ, ನಾನು ನೋಡಿಲ್ಲ. ನೋಡಬೇಕಾಗಿ ಬಂದಿಲ್ಲ ಎಂಬುದನ್ನೂ ದಯೆಯ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ. ಕೃಷ್ಣನನ್ನು ಈಗಲೂ ಕಣ್ಣು ಮುಚ್ಚಿಯೇ ಒರೆಸುತ್ತೇನೆ.

ಆಟ ನೋಡಿದ ಆ ಸಂಜೆ ಯಜಮಾನರಿಗೂ ಹುಡುಗಿಗೂ ಬಡಿಸಿದೆ. ಹುಳಿ ಹಾಕುವಾಗ ಸೌಟಿನೊಳಗೆ ಎರಡು ಸಲ ನೋಡಿದೆ. ನನಗೆ ಊಟ ಸೇರಲಿಲ್ಲ, ಮಜ್ಜಿಗೆ ಕುಡಿದೆ. ನಡುಮನೆಯಲ್ಲಿ ಅರ್ಧ ಅಕ್ಕಿ ಹೊದಿಕೆಯ ಮೇಲೆ ಹಾಗೇ ಬಿದ್ದಿತ್ತು. ಕ್ಯಾಸೆಟ್ಟಿನ ಪಟ್ಟಿ ಎಳೆದು ಕತ್ತರಿಸಿ ಕಸಕ್ಕೆ ಹಾಕಿ, ಕೈ ಸೋಪಿನಲ್ಲಿ ಎರಡು ಸಲ ತೊಳೆದು, ಅಂಗೈಗೆ ಹರಳೆಣ್ಣೆ ಬಿಟ್ಟುಕೊಂಡು ಕೂತೆ. ಒಂದು ಹಿಡಿ ಉಜ್ಜಿದೆ, ಇನ್ನೊಂದು ಹಿಡಿ. ಡಬ್ಬ ಮುಕ್ಕಾಲು ತುಂಬಿದಾಗ ಮೇಲ್ಭಾಗ ಸಮ ಮಾಡಬೇಕಲ್ಲ. ಸೀರೆಯ ಸೆರಗು ಸಿಕ್ಕಿಸಿ, ಮೊಣಕೈಯವರೆಗೆ ಕೈ ಇಳಿಸಿದೆ. ಬರೀ ಅಕ್ಕಿ, ತಣ್ಣಗಿತ್ತು. ಮೇಲೊಂದು ಪದರ ಬೇವಿನೆಲೆ ಹರಡಿ, ಉಳಿದದ್ದನ್ನು ಸುರಿಯತೊಡಗಿದೆ.