ಅರಿಶಿಣದ ಪದ ಹಾಡುವವರು ಯಾರು?

ನನ್ನ ಮೊಮ್ಮಗಳು ಗೌರಿಯ ಮದುವೆ ಗಟ್ಟಿಯಾಯಿತು! ಹುಡುಗ ಬಬಲೇಶ್ವರದವನು. ಹಿಗ್ಗಿಗೆ ಎದೆ ಸಾಲದು, ಕಾಲು ಮಾತ್ರ ಸೋತುಹೋಗಿವೆ. ನಿನ್ನೆ ಎರಡೂ ಮನೆಯವರು ವಾದ್ಯದವರನ್ನು ಹುಡುಕುತ್ತ ವಿಜಯಪುರದ ಸಿದ್ಧೇಶ್ವರ ಗುಡಿ ಸುತ್ತ ದಿನವೆಲ್ಲ ಅಲೆದೆವು. ಅಕ್ಕಿಕಾಳು ಬೀಳುವ ಮುಹೂರ್ತಕ್ಕೆ ಸನಾದಿ ಊದುವವರು, ಸಂಜೆಗೆ ಡಿಜೆ ಎಂದು ಹೇಗೋ ಒಪ್ಪಿದೆವು. ಅರಿಶಿಣ ಹಚ್ಚುವಾಗ ಸೋಬಾನ ಪದ ಹಾಡುವವರೇ ಸಿಗಲಿಲ್ಲ.

“ಮೊಬೈಲ್‌ನಾಗ ಹಚ್ಚೂಣು ಬಿಡ್ರಿ,” ಎಂದ ನನ್ನ ಮಗ.

“ನಮ್ಮ ಆಯಿಗೆ ಎಲ್ಲಾ ಪದಾ ಬರ್ತಾವು,” ಎಂದಳು ಗೌರಿ, ನನ್ನ ಕಡೆ ಕೈ ತೋರಿಸಿ.

ನಾನು ತಲೆ ತಗ್ಗಿಸಿದೆ. ಆ ಪದ ಹಾಡುವುದು ಮುತ್ತೈದೆಯರು. ಯಜಮಾನರು ತೀರಿಕೊಂಡ ಮೇಲೆ ನಾನು ಎಲ್ಲಿಯೂ ಹಾಡಿಲ್ಲ.

ಹಣೆತುಂಬ ಕುಂಕುಮವಿಟ್ಟಿದ್ದ ಹುಡುಗನ ಅಜ್ಜಿ ನನ್ನ ಕೈ ಹಿಡಿದು ಗದರಿದರು: “ಗಂಡ ಹೋದ್ರ ದನಿನೂ ಹೊಕ್ಕೈತೇನ್ರಿ ಬೀಗತಿ? ನೀವ ಹಾಡ್ರಿ. ನಂದು ಕತ್ತೆ ಒದರಿದಂಗ ಐತಿ, ಆದ್ರೂ ನಿಮ್ಮ ಜೋಡಿ ಹಾಡ್ತೀನಿ.”

ಸಂಜೆ ಬೀಗರನ್ನೂ ಬಿಜ್ಜರಗಿಯ ನಮ್ಮ ಮನೆಗೆ ಕರೆತಂದೆವು. ಎಲ್ಲರೂ ಕೂಡಿ ರೊಟ್ಟಿ, ಬದನೆಕಾಯಿ ಪಲ್ಯ ಉಣ್ಣುವಾಗ ನನಗೆ ಅರಿವಿಲ್ಲದೆಯೇ ಒಂದು ಸೋಬಾನ ಪದ ಗುನುಗಿದೆ. ಯಾರೂ ಸುಮ್ಮನಿರು ಎನ್ನಲಿಲ್ಲ, ಉಣ್ಣುತ್ತ ಕೇಳುತ್ತಿದ್ದರು.